ಮಾಡೆಲ್‌ಗೆ ಖರ್ಚಿಲ್ಲ

ಕುಶಿದಾ ನೊರಿಯೊ ತನ್ನ ಮೇಲಧಿಕಾರಿ ಅಕುತ್ಸು ಅವರ ಮುಖವನ್ನು ಮೊದಲ ಸಲ ಬರೆದದ್ದು ಹಲ್ಲಿನ ಡಾಕ್ಟರ ಹತ್ತಿರ ಸರದಿ ಕಾಯುತ್ತ, ಹಳೆಯ ಔಷಧಿ ಚೀಟಿಯ ಹಿಂಬದಿಯಲ್ಲಿ. ಬೇಕೆಂದು ಬರೆದದ್ದಲ್ಲ. ಸುಮ್ಮನೆ ಒಂದು ಫುಗು ಮೀನು ಗೀಚಲು ಹೊರಟಿದ್ದ. ಮುಟ್ಟಿದರೆ ಚೆಂಡಿನಂತೆ ಊದಿಕೊಂಡು ಮುಳ್ಳು ನಿಗುರಿಸುವ ಆ ಮೀನು, ಬರೆದು ಮುಗಿಯುವ ಹೊತ್ತಿಗೆ ಅಕುತ್ಸು ಆಗಿತ್ತು. ಅದೇ ಊದಿದ ಕೆನ್ನೆ, ಅದೇ ಗುಂಡಿಯಷ್ಟು ಬಾಯಿ, ‘ನಿನ್ನ ಜನ್ಮಕ್ಕಿಷ್ಟು’ ಎನ್ನುವ ಅದೇ ಕಣ್ಣು. ಕುಶಿದಾನ ಹಲ್ಲುನೋವು ಅರ್ಧಕ್ಕರ್ಧ ಇಳಿಯಿತು.

ಅಷ್ಟಕ್ಕೇ ಚೀಟಿ ಹರಿದು ಎಸೆದಿದ್ದರೆ ಅವನು ಇವತ್ತೂ ನೆಮ್ಮದಿಯಾಗಿರುತ್ತಿದ್ದ. ಎಸೆಯಲಿಲ್ಲ. ಸಂಜೆ ಇನ್ನೊಂದು ಬರೆದ, ಮರುದಿನ ಮತ್ತಷ್ಟು. ‘ಯಾರ್ರೀ ಹೇಳಿದ್ದು?’ ಎಂದು ಊದಿಕೊಂಡ ಫುಗು. ‘ಮೊದಲಿಂದ ಮಾಡಿ’ ಎಂದು ಕಡತ ಎಸೆಯುವ ಫುಗು. ‘ನಮ್ಮ ಕಾಲದಲ್ಲಿ...’ ಎಂದು ಚಾವಣಿ ನೋಡುವ ಫುಗು. ಹೆಂಡತಿ ಕಿಯೊಮಿ ನಕ್ಕೂ ನಕ್ಕೂ ಚಹಾ ಚೆಲ್ಲಿಕೊಂಡು, “ಇದನ್ನ ಮೊಬೈಲ್ ಸ್ಟಿಕ್ಕರ್ ಮಾಡಿ ಮಾರ್ರೀ. ಕಾಸಾದ್ರೂ ಬರುತ್ತೆ” ಎಂದಳು.

ಕಾಸು ಬಂತು. ಮೇಲಧಿಕಾರಿ ಇರುವವರೆಲ್ಲ ಕೊಂಡರು. ಮೇಲಧಿಕಾರಿ ಇಲ್ಲದವರು ಈ ದೇಶದಲ್ಲಿ ಯಾರಿದ್ದಾರೆ? ಸ್ವತಃ ಅಕುತ್ಸು ಕೂಡ ಕೊಂಡರು, ಅದು ತಮ್ಮದೇ ಮುಖವೆಂದು ತಿಳಿಯದೆ. ಹಮಾಶಿರೊ ಊರಿನ ಮಾರುತೊಕು ಮೀನುಗಡುಬು ಕಂಪನಿಯ ಲೆಕ್ಕದ ವಿಭಾಗಕ್ಕೆ ಅವರು ಕಾಚೋ, ಅಂದರೆ ಮುಖ್ಯಸ್ಥರು. ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಾಚೋ ಎಂದರೆ ಮುಗಿಯಿತು. ದಿನಾ ಬೆಳಗ್ಗೆ ಕುಶಿದಾನ ಮೊಬೈಲಿಗೆ ಕಾಚೋ ಕಳಿಸಿದ ಫುಗು ಬರುತ್ತಿತ್ತು: ‘ಮೊದಲಿಂದ ಮಾಡಿ.’ ತಾನೇ ಹೊಸೆದ ಹಗ್ಗದಲ್ಲಿ ತಾನೇ ಕಟ್ಟಿಸಿಕೊಂಡ ಎತ್ತಿನ ಹಾಗೆ ಕುಶಿದಾ ಮೊದಲಿಂದ ಮಾಡುತ್ತಿದ್ದ.

ಅವನ ಹೊಟ್ಟೆಕಿಚ್ಚಿಗೆ ಇದ್ದದ್ದು ಒಂದೇ ಗುರಿ. ಮಾರಾಟದ ಪಟ್ಟಿಯಲ್ಲಿ ಫುಗುವಿಗಿಂತ ಎಷ್ಟೋ ಮೇಲೆ, ವರ್ಷಗಳಿಂದ ಅಲುಗಾಡದೆ ಕೂತಿತ್ತು ‘ಕಡಲಸೌತೆ ಸಾನ್’, ಅಂದರೆ ಕಡಲಸೌತೆಯವರು. ಕಡಲ ತಳದಲ್ಲಿ ಒದ್ದೆ ಕಾಲುಚೀಲದಂತೆ ಬಿದ್ದಿರುವ, ಬೆನ್ನೆಲುಬೇ ಇಲ್ಲದ ಪ್ರಾಣಿ. ಜೋತ ಭುಜ, ಪೆಚ್ಚು ನಗೆ, ಏನು ಹೇಳಿದರೂ ಒಂದೇ ಮಾತು: ‘ಆಯ್ತು ಆಯ್ತು, ಹಾಗೇ ಆಗ್ಲಿ.’

“ಇದರಲ್ಲಿ ಏನಿದೆ ಅಂತ ಜನ ಮುಗಿಬೀಳ್ತಾರೆ?” ಎಂದು ಕುಶಿದಾ ಸಿಡುಕುತ್ತಿದ್ದ.

ಕಿಯೊಮಿ ಅದನ್ನೂ ಕೊಂಡಿದ್ದಳು. “ಯಾಕೋ ಗೊತ್ತಿಲ್ಲ ಕಣ್ರೀ. ಇದನ್ನ ನೋಡಿದ್ರೆ ಮನೆ ಅನ್ಸುತ್ತೆ.”

ಬಂದ ಕಾಸಿಗೆ ರಾಯಲ್ಟಿ ಎಂದು ಹೆಸರು. ಹೆಸರು ರಾಜನದು, ಕಾಟ ರಾಕ್ಷಸನದು. ಮಾರ್ಚ್ ನಡುವೆ ವರಮಾನದ ಲೆಕ್ಕ ಒಪ್ಪಿಸಬೇಕು. ಸರ್ಕಾರಕ್ಕೆ ಕಟ್ಟುವ ತೆರಿಗೆಯಿಂದ ಕುಶಿದಾನಿಗೆ ತಕರಾರಿರಲಿಲ್ಲ. ಅದು ಅವನಿಗೂ ಸರ್ಕಾರಕ್ಕೂ ಬಿಟ್ಟದ್ದು. ಕೊರಳಿಗೆ ಬರುವುದು ಊರ ತೆರಿಗೆ. ಸರ್ಕಾರದ ಕೈಗಿಟ್ಟ ಲೆಕ್ಕ ನೇರ ಊರಿನ ಕಚೇರಿಗೆ ಹೋಗುತ್ತದೆ. ಊರು ತನ್ನ ಪಾಲು ಎಷ್ಟೆಂದು ಎಣಿಸಿ, ‘ಈ ಮನುಷ್ಯನ ಸಂಬಳದಲ್ಲಿ ಇಷ್ಟಿಷ್ಟು ಹಿಡಿದು ಕಳಿಸಿ’ ಎಂದು ಕೆಲಸ ಕೊಟ್ಟ ಕಂಪನಿಗೇ ಬರೆಯುತ್ತದೆ. ಗುಬ್ಬಿಯ ಸಂಬಳದವನಿಗೆ ಹದ್ದಿನ ತೆರಿಗೆ ಬಂದರೆ, ಇವನು ಬೇರೆ ಎಲ್ಲೋ ಮೇಯುತ್ತಿದ್ದಾನೆಂದು ಯಾವ ದಡ್ಡನಿಗೂ ತಿಳಿಯುತ್ತದೆ.

ಮಾರುತೊಕುವಿನಲ್ಲಿ ಹೊರಗೆ ಮೇಯುವುದು ನಿಷಿದ್ಧ. ಹೆಂಡತಿ ಹಾಕಿದ ಉಪ್ಪಿನಕಾಯಿಯನ್ನು ಭಾನುವಾರ ಮಾರುತ್ತಿದ್ದ ನುಕಾಗಾ ಎಂಬವನನ್ನು ಮೀನು ಹೆಪ್ಪುಗಟ್ಟಿಸುವ ಗೋದಾಮಿಗೆ ಹಾಕಿದ್ದರು. ಈಗ ಅವನು ಬೇಸಿಗೆಯಲ್ಲೂ ಮಾತಾಡಿದರೆ ಬಾಯಿಂದ ಹೊಗೆ ಬರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಉಪ್ಪಿನಕಾಯಿಗೇ ಅಷ್ಟಾದರೆ, ಕಾಚೋ ಮುಖವನ್ನೇ ಮಾರಿದವನಿಗೆ?

ಇನ್ನೂ ಕೆಟ್ಟದ್ದೇನೆಂದರೆ, ಮೇ ತಿಂಗಳಲ್ಲಿ ಊರ ಕಚೇರಿಯಿಂದ ಬರುವ ಆ ದಪ್ಪ ಲಕೋಟೆಯನ್ನು ಕಾಚೋ ಇನ್ನೊಬ್ಬರಿಗೆ ಮುಟ್ಟಗೊಡುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು, ತಾವೇ ಒಡೆದು, ತಾವೇ ಒಂದೊಂದು ಹೆಸರೂ ಲೆಕ್ಕಕ್ಕೇರಿಸುತ್ತಿದ್ದರು. ‘ಜವಾಬ್ದಾರಿ ಅಂದ್ರೆ ಅದು ಕಣ್ರೀ’ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು.

ಇದ್ದದ್ದು ಒಂದೇ ಹುಲ್ಲುಕಡ್ಡಿ. ಲೆಕ್ಕದ ಹಾಳೆಯಲ್ಲಿ ಎಲ್ಲೋ ಮೂಲೆಯಲ್ಲಿ ಸಣ್ಣ ಚೌಕ: ‘ಸಂಬಳದಾಚೆಯ ವರಮಾನಕ್ಕೆ ಊರ ತೆರಿಗೆ ನಾನೇ ಕಟ್ಟುತ್ತೇನೆ.’ ಅದಕ್ಕೊಂದು ಗುರುತು ಹಾಕಿದರೆ ಆ ಭಾಗದ ಚೀಟಿ ಮನೆಗೇ ಬರುತ್ತದಂತೆ. ಕುಶಿದಾ ಅದನ್ನು ನೆಚ್ಚಿಕೊಂಡು ಮೊಬೈಲಿನಲ್ಲೇ ಲೆಕ್ಕ ಒಪ್ಪಿಸಲು ಕೂತ. ಗುರುತಿನ ಕಾರ್ಡಿನ ಗುಟ್ಟಿನ ಸಂಖ್ಯೆ ಕೇಳಿತು. ಕಿಯೊಮಿಯ ಹುಟ್ಟಿದ ದಿನ ಒತ್ತಿದ, ತಪ್ಪು. ಮದುವೆಯ ದಿನ, ತಪ್ಪು. ಆಮೇಲೆ ತನ್ನದೇ ಹುಟ್ಟಿದ ದಿನ ಒತ್ತಿದ್ದಕ್ಕೆ ಕಾರ್ಡಿಗೇ ಬೀಗ ಬಿತ್ತು.

“ಇವತ್ತು ಕೊನೇ ದಿನ. ತೆರಿಗೆಯವರು ಕೂತಿರೋ ಸಭಾಭವನಕ್ಕೇ ಹೋಗಿ, ಕೈಯಲ್ಲೇ ಬರೆದು ಕೊಡಿ” ಎಂದಳು ಕಿಯೊಮಿ. “ಕಚೇರಿಗೆ ಹುಷಾರಿಲ್ಲ ಅಂತ ಹೇಳಿ.”

ಕುಶಿದಾ ಕಚೇರಿಗೆ ಫೋನು ಮಾಡಿದ. ಎತ್ತಿದ್ದು ಎದುರು ಮೇಜಿನ ಹೊಶಿನಾ ಸಾನ್. ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು.

“ಹುಷಾರಿಲ್ವಾ? ಏನಾಗಿದೆ? ಜ್ವರಾನಾ?”

“ಜ್ವರ ಅಲ್ಲ... ಅದು... ಕೂರಕ್ಕಾಗ್ತಿಲ್ಲ.” ಪರೀಕ್ಷೆ ಮಾಡಲು ಯಾರೂ ಮುಂದೆ ಬಾರದ ಕಾಯಿಲೆಯೇ ಆಗಲಿ ಎಂದು ಅವನ ಬುದ್ಧಿ ಓಡಿತ್ತು.

“ಅಯ್ಯೋ ಪಾಪ! ಮೂಲವ್ಯಾಧಿ! ನಮ್ಮೆಜಮಾನ್ರಿಗೂ ಇತ್ತು. ನಾಚ್ಕೋಬೇಡಿ ಕುಶಿದಾ ಸಾನ್, ನಾನು ಯಾರಿಗೂ ಹೇಳಲ್ಲ.” ಫೋನು ಇಡುವ ಮೊದಲೇ ಆಕೆ ಹಿಂದೆ ತಿರುಗಿ ಕೂಗಿದ್ದು ಕೇಳಿಸಿತು: “ಕಾಚೋ! ಕುಶಿದಾ ಸಾನ್‌ಗೆ ಮೂಲವ್ಯಾಧಿಯಂತೆ!”

ಪರಾಗ ಹಾರುವ ಕಾಲ. ಊರಿಗೆ ಊರೇ ಮುಖಗವುಸು ಹಾಕಿಕೊಂಡು ಕಣ್ಣುಜ್ಜುತ್ತಿತ್ತು. ಗುಟ್ಟಿರುವವನಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಗವುಸು, ಕನ್ನಡಕ, ಟೋಪಿ ಏರಿಸಿ ಕುಶಿದಾ ಬಾಗಿಲು ದಾಟಿದ. ಬೀದಿಯ ಕೊನೆಯಲ್ಲಿ ಕಸದ ಚೀಲಗಳನ್ನು ಕಾಯುತ್ತ ನಿಂತಿದ್ದರು ಕೇರಿ ಸಂಘದ ಅಧ್ಯಕ್ಷ ಒಗಾತಾ ಸಾನ್. ಯಾರ ಮನೆಯ ಚೀಲದಲ್ಲಿ ಬಾಟಲಿ ಸೇರಿದೆ ಎಂದು ಶಬ್ದದಿಂದಲೇ ಹೇಳುವ ಮನುಷ್ಯ.

“ಓಹೋ ಕುಶಿದಾ! ಈ ವೇಷದಲ್ಲಿ ಎಲ್ಲಿಗಯ್ಯಾ?”

“ಆ... ಆಸ್ಪತ್ರೆಗೆ.” ಕಚೇರಿಗೆ ಹೇಳಿದ ಸುಳ್ಳನ್ನೇ ಇಲ್ಲೂ ಹೇಳಿದರೆ ಒಂದೇ ಸುಳ್ಳಿನ ಖರ್ಚು ಎಂದುಕೊಂಡ.

“ನಡೆದ್ಕೊಂಡಾ? ಹತ್ತು ಗಾಡಿ!”

“ಬೇಡ, ನಿಮಗ್ಯಾಕೆ ತೊಂದ್ರೆ—”

“ತೊಂದ್ರೆ ಏನ್ ಬಂತು? ಹತ್ತಯ್ಯ ಅಂದ್ರೆ!”

ಸಭಾಭವನ ಬಡಗಣಕ್ಕೆ, ಆಸ್ಪತ್ರೆ ತೆಂಕಣಕ್ಕೆ. ಒಗಾತಾರ ಪುಟ್ಟ ಟ್ರಕ್ಕು ಕುಶಿದಾನನ್ನು ತೆಂಕಣಕ್ಕೆ ಹೊತ್ತೊಯ್ದಿತು. ಅವನು ಒಳಗೆ ಕಾಲಿಟ್ಟದ್ದನ್ನು ನೋಡಿಕೊಂಡೇ ಹೋಗುತ್ತೇನೆಂದು ಒಗಾತಾ ಬಾಗಿಲಲ್ಲೇ ಗಾಡಿ ನಿಲ್ಲಿಸಿಕೊಂಡು ಕೂತರು. ಕುಶಿದಾ ಒಳಗೆ ಹೋದ, ಆಸ್ಪತ್ರೆಯ ಅಂಗಡಿಯಲ್ಲಿ ಸುಮ್ಮನೆ ಸುತ್ತಿದ, ಹೊರಗೆ ಇಣುಕಿದ. ಟ್ರಕ್ಕು ಅಲ್ಲೇ ಇತ್ತು. ಬರಿಗೈಲಿ ಹೊರಬಿದ್ದರೆ ‘ಡಾಕ್ಟ್ರು ಏನಂದ್ರು’ ಎಂದು ಕೇಳುವುದು ಖಂಡಿತ. ಕಣ್ಣಿಗೆ ಬಿದ್ದದ್ದು ನಡುವೆ ತೂತಿರುವ ನೀಲಿ ದಿಂಬು. ಕೊಂಡು, ಸಾಕ್ಷಿಯಂತೆ ಎದೆಗೊತ್ತಿಕೊಂಡು ಹೊರಬಂದ.

ಒಗಾತಾ ದಿಂಬು ನೋಡಿದರು. ಎಲ್ಲ ಅರ್ಥವಾಯಿತೆಂಬಂತೆ ತಲೆಯಾಡಿಸಿದರು. “ಕೂತು ಕೂತು ಬರೋ ರೋಗ ಇದು. ಮನೆಗೆ ಬಿಡ್ಲಾ?”

“ಬೇಡ, ನಡೆದ್ರೆ ಒಳ್ಳೇದಂತೆ.”

“ಹಾಗಾದ್ರೆ ನಡಿ. ನಾನು ಸಭಾಭವನಕ್ಕೆ ಹೋಗ್ಬೇಕು. ತೆರಿಗೆ ಕೊನೇ ದಿನ ಅಲ್ವಾ, ಸಾಲು ನೋಡ್ಕೊಳ್ಳೋ ಕೆಲಸ ನಮ್ಮ ಸಂಘದ್ದು.”

ಕುಶಿದಾ ಹಲ್ಲು ಕಚ್ಚಿದ. ಹೋದ ವರ್ಷ ತುಂಬಿಸಿದ ಹಲ್ಲು ಮತ್ತೆ ಮಿಡಿಯಿತು.

ಬಸ್ಸು ಹಿಡಿದು ಸಭಾಭವನ ಮುಟ್ಟುವಾಗ ಮಧ್ಯಾಹ್ನ. ಸಾಲು ಮೆಟ್ಟಿಲಿಳಿದು, ಸೈಕಲ್ ನಿಲ್ದಾಣ ಸುತ್ತಿ, ಹಾವಿನಂತೆ ರಸ್ತೆಗೆ ಬಾಲ ಚಾಚಿತ್ತು. ಒಗಾತಾ ತೋಳಿಗೆ ಪಟ್ಟಿ ಕಟ್ಟಿಕೊಂಡು ಆ ತುದಿಯಲ್ಲಿದ್ದರು. ಕುಶಿದಾ ಈ ತುದಿಯಲ್ಲಿ ಕಂಬದ ಮರೆ ಸೇರಿ, ಗವುಸನ್ನು ಕಣ್ಣಿನವರೆಗೂ ಎಳೆದುಕೊಂಡ.

“ಕುಶಿದಾ ಸಾನ್!”

ಹೊಶಿನಾ. ಅರ್ಧ ದಿನ ರಜೆ ಹಾಕಿ, ಗಂಡನ ಆಸ್ಪತ್ರೆ ಖರ್ಚಿನ ರಸೀದಿಗಳನ್ನೆಲ್ಲ ಬಗಲಲ್ಲಿಟ್ಟುಕೊಂಡು ಬಂದಿದ್ದಳು.

“ಕೂರಕ್ಕಾಗಲ್ಲ ಅಂದವರು ಇಲ್ಲೇನ್ ಮಾಡ್ತಿದೀರಿ?”

“ನಾನೂ... ಆಸ್ಪತ್ರೆ ಖರ್ಚಿನ ರಿಯಾಯಿತಿಗೇ.”

“ಇವತ್ತು ಶುರುವಾದ ಕಾಯಿಲೆಗೆ ಹೋದ ವರ್ಷದ ರಿಯಾಯಿತಿನಾ?”

“ಹಳೇ ಕಾಯಿಲೆ. ಇವತ್ತು ಬಾಯಿಬಿಟ್ಟೆ ಅಷ್ಟೆ.”

ಹೊಶಿನಾಳ ಕಣ್ಣಲ್ಲಿ ನೀರಾಡಿತು. ಪರಾಗಕ್ಕೋ ಮರುಕಕ್ಕೋ ಹೇಳುವುದು ಕಷ್ಟ. “ವರ್ಷವೆಲ್ಲ ಎದುರಿಗೆ ಕೂತಿದ್ರೂ ನಂಗೆ ಗೊತ್ತೇ ಆಗ್ಲಿಲ್ಲ. ಎಂಥ ಸಹನೆ!” ಎಂದವಳೇ ಸಾಲಿನತ್ತ ತಿರುಗಿದಳು. “ಸ್ವಲ್ಪ ದಾರಿ ಬಿಡ್ರಪ್ಪಾ! ಮೂಲವ್ಯಾಧಿ ಇರೋವ್ರು!”

ಸಾಲಿಗೆ ಸಾಲೇ ತಿರುಗಿ ನೋಡಿತು. ಮುದುಕರು ಒಬ್ಬೊಬ್ಬರಾಗಿ ಸರಿದು ದಾರಿ ಬಿಟ್ಟರು. “ಬಿಸಿನೀರಲ್ಲಿ ಕೂತ್ಕೋ ಮಗಾ” ಎಂದಿತು ಒಂದು ಅಜ್ಜಿ. ಬಾಗಿಲಲ್ಲಿ ಒಗಾತಾ, “ಬಾ ಬಾ, ಮೊದ್ಲೇ ಹೇಳಿದ್ರೆ ಗಾಡೀಲೇ ಕರ್ಕೊಂಡ್ ಬರ್ತಿದ್ದೆ” ಎನ್ನುತ್ತ ಅವನ ಕೈಯಿಂದ ದಿಂಬು ಕಿತ್ತು, ಮೇಜಿನ ಮುಂದಿನ ಕುರ್ಚಿಯ ಮೇಲಿಟ್ಟು, ತಟ್ಟಿ ಸಮ ಮಾಡಿ ಕೂರಿಸಿದರು. ಯಾರ ಕಣ್ಣಿಗೂ ಬೀಳಬಾರದೆಂದು ಹೊರಟವನು ಮದುಮಗನಂತೆ ಎಲ್ಲರ ಎದುರು ಹಸೆಗೇರಿದ್ದ.

ಮೇಜುಗಳ ನಡುವೆ ರಟ್ಟಿನ ಗೋಡೆ. ಎದುರಿದ್ದ ತೆರಿಗೆ ಕಚೇರಿಯ ಹುಡುಗಿಗೆ ಕೆಲಸ ಹೊಸದು, ಉತ್ಸಾಹ ಬಹಳ, ಗಂಟಲು ದೊಡ್ಡದು.

“ರಾಯಲ್ಟಿ! ಕಾದಂಬರಿ ಬರೀತೀರಾ?”

“ಮೆತ್ತಗೆ... ಸ್ಟಿಕ್ಕರ್.”

“ತೋರಿಸಿ. ಅಯ್ಯೋ, ಫುಗು! ಇದು ನಿಮ್ದಾ! ನಮ್ಮ ಸಾಹೇಬ್ರೂ ದಿನಾ ಕಳಿಸ್ತಾರೆ ರೀ!”

“ದಯವಿಟ್ಟು ಮೆತ್ತಗೆ.”

“ಆಯ್ತು ಆಯ್ತು. ಖರ್ಚು ಏನೇನಿದೆ ಹೇಳಿ, ಕಳೆಯೋಣ. ಪೆನ್ನು, ಬಣ್ಣ?”

“ಪೆನ್ನು ಕಚೇರೀದು.”

“ಮಾಡೆಲ್‌ಗೆ ಏನಾದ್ರೂ ಕೊಟ್ಟಿದೀರಾ?”

“ಇಲ್ಲ. ಅವ್ರಿಗೆ ಗೊತ್ತೇ ಇಲ್ಲ.”

ಆಕೆ ಬರೆದುಕೊಂಡಳು. ಕುಶಿದಾ ಆ ಸಣ್ಣ ಚೌಕವನ್ನು ಹುಡುಕಿ, ‘ನಾನೇ ಕಟ್ಟುತ್ತೇನೆ’ ಎಂಬಲ್ಲಿ ಕಾಗದ ತೂತಾಗುವಂತೆ ಗುರುತು ಹಾಕಿದ. ಎದೆಯ ಮೇಲಿನ ಬಂಡೆ ಉರುಳಿತು. ಬೆಳಗ್ಗಿನಿಂದ ಮೊದಲ ಸಲ ಉಸಿರು ಸಲೀಸಾಗಿ ಆಡಿತು.

ಆಗ ರಟ್ಟಿನ ಗೋಡೆಯ ಆಚೆಯಿಂದ ಪಿಸುಮಾತು ಕೇಳಿಸಿತು.

“ಕಡಲಸೌತೆ. ಹೂಂ, ಸ್ಟಿಕ್ಕರೇ. ಪ್ರತಿ ವರ್ಷ ಬರ್ತೀನಲ್ಲಮ್ಮಾ. ಮಾಡೆಲ್ಲಾ? ಖರ್ಚಿಲ್ಲ. ದಿನಾ ನನ್ನ ಎದುರಿಗೇ ಕೂತಿರ್ತಾನೆ, ಏನ್ ಹೇಳಿದ್ರೂ ಹೂಂ ಅಂತಾನೆ.”

ಪಿಸುಗುಟ್ಟಿದರೂ ಆ ದನಿಗೆ ಮುಳ್ಳಿತ್ತು. ಕುಶಿದಾ ಮೆಲ್ಲಗೆ ಎದ್ದು ಗೋಡೆಯ ಮೇಲಿಂದ ಇಣುಕಿದ. ಆಚೆ ಗವುಸು, ಕನ್ನಡಕ, ಟೋಪಿ. ಗವುಸಿನ ಎರಡೂ ಕಡೆಯಿಂದ ಊದಿ ಹೊರಬಂದ ಕೆನ್ನೆ.

“ಕಾಚೋ?”

ಗವುಸು ತಲೆಯೆತ್ತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ, ಬೇರೇನೂ ತೋಚದೆ, ಇಬ್ಬರೂ ಬಗ್ಗಿ ನಮಸ್ಕರಿಸಿದರು. ನಡುವಿನ ರಟ್ಟಿಗೆ ಎರಡು ಹಣೆ ಒಟ್ಟಿಗೆ ಬಡಿದವು.

ಸಭಾಭವನದ ಹಿಂದೆ, ಕಾಫಿ ಡಬ್ಬಿ ಕೊಡುವ ಯಂತ್ರದ ಪಕ್ಕದ ಬೆಂಚಿನಲ್ಲಿ ಕೂತರು. ಕುಶಿದಾನಿಗೆ ದಿಂಬು ಹಾಕಿಕೊಟ್ಟದ್ದು ಕಾಚೋ.

“ಕೂತ್ಕೊಳ್ಳಿ, ನೋವಿರುತ್ತೆ.”

“ಕಾಚೋ, ಆ ಕಡಲಸೌತೆ... ನಾನಾ?”

“ಆ ಫುಗು ನಾನೇ ತಾನೆ?” ಎಂದರು ಅಕುತ್ಸು. “ಗೋಡೆ ಅಷ್ಟು ತೆಳು ಕಣ್ರೀ, ಆ ಹುಡುಗಿ ಗಂಟಲು ಬೇರೆ. ದಿನಾ ನನ್ನ ಮುಖಾನೇ ನಾನು ನಿಮಗೆ ಕಳಿಸ್ತಿದ್ನಲ್ಲ! ದುಡ್ಡು ಕೊಟ್ಟು!”

ಕುಶಿದಾ ನೆಲ ನೋಡಿದ. “ಕ್ಷಮಿಸಿ. ದಯವಿಟ್ಟು ಗೋದಾಮಿಗೆ ಮಾತ್ರ ಹಾಕ್ಬೇಡಿ. ನಿಮಗೆ ಗೊತ್ತಾಗ್ಬಾರ್ದು ಅಂತಾನೇ ಚೌಕಕ್ಕೆ ಗುರುತು ಹಾಕಿ ಬಂದೆ.”

ಅಕುತ್ಸು ಕಾಫಿ ಉಗುಳುವಷ್ಟು ನಕ್ಕರು. “ಆ ಚೌಕಾನಾ? ಆರು ವರ್ಷದಿಂದ ನಾನೂ ಹಾಕ್ತಿದೀನಿ. ನಮ್ಮೂರ ಕಚೇರೀಲಿ ಅದನ್ನ ಕಣ್ಣೆತ್ತಿ ನೋಡೋರಿಲ್ಲ. ಎಲ್ಲಾ ಒಟ್ಟು ಕಂಪನಿ ಲಕೋಟೇಲೇ ತುರುಕಿ ಕಳಿಸ್ತಾರೆ. ಅದನ್ನ ನಾನೇ ಯಾಕೆ ಬಾಗಿಲು ಹಾಕ್ಕೊಂಡು ಒಡೀತೀನಿ ಅನ್ಕೊಂಡ್ರಿ? ಜವಾಬ್ದಾರಿಗಾ?”

ಕುಶಿದಾನ ತಲೆಯೊಳಗೆ ಬೆಳಕು ಮೂಡಿತು. ಬೆಳಕಿನ ಹಿಂದೆಯೇ ಆಸೆ. “ಹಾಗಾದ್ರೆ ಈ ಸಲ ಆ ಪಟ್ಟೀಲಿ ನನ್ನ ಸಾಲನ್ನೂ ನೀವೇ...?”

“ಖಂಡಿತ ಮುಚ್ಚಿಡ್ತಿದ್ದೆ. ಕಳ್ಳರಿಗೆ ಕಳ್ಳರೇ ನೆಂಟರು. ಆದ್ರೆ ಮೇನಲ್ಲಿ ನಾನಿರಲ್ಲ.” ಅಕುತ್ಸು ಗವುಸು ಕೆಳಗಿಳಿಸಿದರು. ಆ ಮುಖದಲ್ಲಿ ಕುಶಿದಾ ಎಂದೂ ಕಾಣದ ಒಂದು ನಗೆಯಿತ್ತು. ಅದು ಅವನ ಯಾವ ಸ್ಟಿಕ್ಕರಿನಲ್ಲೂ ಇರಲಿಲ್ಲ. “ಈ ತಿಂಗಳ ಕೊನೆಗೆ ಕೆಲಸ ಬಿಡ್ತಿದೀನಿ. ಕಡಲಸೌತೆ ನನ್ನನ್ನ ಸಾಕುತ್ತೆ. ಕಂಪನಿ ಕೊಡೋ ಗಂಟು ಕೈಗೆ ಬರೋವರೆಗೆ ಬಾಯಿ ಹೊಲ್ಕೊಂಡಿರ್ಬೇಕು, ಅಷ್ಟೆ. ಎಲ್ಲಾ ನಿಮ್ಮ ದಯೆ.”

ಹತ್ತೊಂಬತ್ತು ವರ್ಷ ‘ಮೊದಲಿಂದ ಮಾಡಿ’ ಎನಿಸಿಕೊಂಡವನ ಮುಖ, ಹಾಗೆ ಅಂದವರನ್ನು ಬಿಡುಗಡೆ ಮಾಡಿತ್ತು. ಅಳಬೇಕೋ ಅಭಿನಂದಿಸಬೇಕೋ ಕುಶಿದಾನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಇನ್ನೊಂದು ಯೋಚನೆ ಮಿಂಚಿತು. “ನಿಮ್ಮ ಜಾಗಕ್ಕೆ ಯಾರು? ಅವರೇ ಅಲ್ವಾ ಲಕೋಟೆ ಒಡೆಯೋದು?”

“ಅವರೇ. ಹಿರಿತನದಲ್ಲಿ ನೀವೇ ಬರ್ಬೇಕಿತ್ತು. ಇವತ್ತು ಬೆಳಗ್ಗೆ ಮಾಲೀಕರ ಹತ್ರ ನಿಮ್ಮ ಹೆಸರೇ ಹೇಳೋಕೆ ಹೊರಟಿದ್ದೆ.”

“ಹೊರಟಿದ್ರಿ...”

“ಅಷ್ಟೊತ್ತಿಗೆ ನಿಮ್ಮ ಫೋನು ಬಂತು. ಕೂರಕ್ಕೇ ಆಗಲ್ಲ ಅಂತ. ಕಾಚೋ ಕೆಲಸ ಅಂದ್ರೆ ಏನ್ರೀ? ಕೂರೋದೇ. ಅದಕ್ಕೆ ಹೊಶಿನಾ ಸಾನ್ ಹೆಸರು ಹೇಳ್ದೆ. ಮಾಲೀಕರು ಒಪ್ಪಿಯೂ ಬಿಟ್ರು.”

ಕುಶಿದಾನ ಕೈಯಲ್ಲಿದ್ದ ಡಬ್ಬಿ ತಣ್ಣಗಾಯಿತು. ಗೋದಾಮಿನ ಗಾಳಿ ಇಲ್ಲಿಯವರೆಗೂ ಬೀಸಿದಂತಿತ್ತು. “ನಂಗೆ ಮೂಲವ್ಯಾಧಿ ಇಲ್ಲ, ಕಾಚೋ!”

“ಹಾಗಂತ ಮಾಲೀಕರಿಗೆ ಹೇಳಿ. ಆಮೇಲೆ ಇವತ್ತು ಎಲ್ಲಿಗೆ ಹೋಗಿದ್ರಿ ಅಂತ ಅವ್ರು ಕೇಳ್ತಾರೆ.”

ಕುಶಿದಾ ಮೂಲೆಗೆ ಬಿದ್ದ ಬೆಕ್ಕಿನಂತೆ ಎಗರಿದ. “ಹಾಗಾದ್ರೆ ನನ್ನ ಪಾಲು ಕೊಡಿ! ಆ ಮುಖ ನನ್ನದು, ಆ ಮಾತು ನನ್ನದು!”

“ಕೊಡ್ತೀನಿ. ನ್ಯಾಯವೇ” ಎಂದರು ಅಕುತ್ಸು ತಣ್ಣಗೆ. “ಆದ್ರೆ ಅದೂ ನಿಮ್ಮ ವರಮಾನ. ಲೆಕ್ಕಕ್ಕೆ ತೋರಿಸ್ಬೇಕು. ತೋರಿಸಿದ್ರೆ ಊರ ತೆರಿಗೆ ಏರುತ್ತೆ. ಏರಿದ್ರೆ ಲಕೋಟೇಲಿ ನಿಮ್ಮ ಸಾಲು ಇನ್ನೂ ಹೊಳೆಯುತ್ತೆ. ಕೊಡ್ಲಾ?”

ಅಷ್ಟರಲ್ಲಿ ಮೂಲೆ ತಿರುಗಿ ಹೊಶಿನಾ ಓಡಿಬಂದಳು, ಮೊಬೈಲು ಬಾವುಟದಂತೆ ಮೇಲೆತ್ತಿಕೊಂಡು. “ಕುಶಿದಾ ಸಾನ್! ಮಾಲೀಕರು ಈಗಷ್ಟೇ— ಅಯ್ಯೋ, ಕಾಚೋ! ನೀವೂ ಇಲ್ಲೇನಾ? ನಿಮಗೇನು ಕಾಯಿಲೆ?”

ಅಕುತ್ಸು ಕಣ್ಣು ಮಿಟುಕಿಸದೆ ಕುಶಿದಾನತ್ತ ಬೆರಳು ತೋರಿಸಿದರು. “ಇವ್ರದ್ದೇ.”

“ಅಂಟುತ್ತಾ ಅದು!” ಎಂದು ಹೊಶಿನಾ ಒಂದು ಹೆಜ್ಜೆ ಹಿಂದೆ ಸರಿದಳು. ಮರುಗಳಿಗೆಯೇ ಹೊಸ ಪದವಿ ನೆನಪಾಗಿ ಬೆನ್ನು ನೆಟ್ಟಗಾಯಿತು. “ಕುಶಿದಾ ಸಾನ್, ನೀವೇನೂ ಚಿಂತೆ ಮಾಡ್ಬೇಡಿ. ಇನ್ಮೇಲೆ ನಾನಿದೀನಿ. ಆ ಊರ ತೆರಿಗೆ ಲಕೋಟೆ ಇದ್ಯಲ್ಲ, ಅದನ್ನ ಎಲ್ಲರ ಎದುರಿಗೇ ಒಡೀತೀನಿ. ಒಬ್ಬೊಬ್ಬರದ್ದೂ ಗಟ್ಟಿಯಾಗಿ ಓದಿ ಹೇಳ್ತೀನಿ. ಮುಚ್ಚುಮರೆ ಅಂದ್ರೆ ನಂಗಾಗಲ್ಲ!”

ಕುಶಿದಾನ ಭುಜ ಜೋತುಬಿತ್ತು. ತುಟಿಯ ಮೇಲೆ, ಅವನಿಗೇ ತಿಳಿಯದಂತೆ, ಒಂದು ಪೆಚ್ಚು ನಗೆ ಬಂದು ಕೂತಿತು. ತೂತಿನ ದಿಂಬಿನ ಮೇಲೆ ಅವನು ನಿಧಾನವಾಗಿ ಕುಸಿದ.

ಅಕುತ್ಸು ಜೇಬಿನಿಂದ ಪೆನ್ನು ತೆಗೆದಿದ್ದರು.

“ಹಾಗೇ ಇರಿ ಕುಶಿದಾ, ಅಲುಗಾಡ್ಬೇಡಿ” ಎಂದರು ಮೆಲ್ಲಗೆ. “ಇದೊಂದು ಭಂಗಿ ನನ್ನ ಹತ್ರ ಇರ್ಲಿಲ್ಲ.”

“ಆಯ್ತು ಆಯ್ತು” ಎಂದ ಕುಶಿದಾ. “ಹಾಗೇ ಆಗ್ಲಿ.”